ಹೊಸ ಕಾರ್ಡಿನ ಕಾಲ್ಗುಣ

ಆಟ ರಂಗೇರಿದ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತದೆ. ಮಾನಿಟರು ‘ನೋ ಸಿಗ್ನಲ್’ ಎಂದು ಒಮ್ಮೆ ತೋರಿಸಿ ತಾನೂ ಮಲಗಿಬಿಡುತ್ತದೆ. ಕ್ಯಾಬಿನೆಟ್ಟಿನೊಳಗೆ ದೀಪ ಉರಿಯುತ್ತಲೇ ಇರುತ್ತದೆ, ಹೆಡ್‌ಫೋನಿನಲ್ಲಿ ಗುಂಡಿನ ಸದ್ದು ಇನ್ನೂ ಕೇಳುತ್ತಿರುತ್ತದೆ, ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಮಾತ್ರ ಒಮ್ಮೆಲೇ ಬೊಬ್ಬೆ ಹಾಕತೊಡಗುತ್ತವೆ. ಕಾರ್ಡು ಕೊಂಡು ವಾರವೂ ಆಗಿರುವುದಿಲ್ಲ. ಹಳೆಯ ಕಾರ್ಡು ಐದು ವರ್ಷ ತಂಟೆಯಿಲ್ಲದೆ ನಡೆದಿತ್ತು. ಹೊಸದು ಬಂತು, ಕಾಟ ಶುರುವಾಯಿತು. ತಪ್ಪು ಹೊಸದರದ್ದೇ ಎಂದು ತೀರ್ಮಾನಿಸಲು ಯಾರಿಗೂ ಅರೆಗಳಿಗೆ ಸಾಕು. ಸೊಸೆ ಹೊಸ್ತಿಲು ತುಳಿದ ವಾರವೇ ಕೊಟ್ಟಿಗೆಯ ಎಮ್ಮೆ ಸತ್ತರೆ ಅವಳ ಕಾಲ್ಗುಣ ಎನ್ನುತ್ತಿದ್ದರಲ್ಲ, ಅದೇ ತರ್ಕ. ಎಮ್ಮೆಗೆ ಮೊದಲೇ ಕಾಯಿಲೆಯಿತ್ತೇ ಎಂದು ಕೇಳುವ ವ್ಯವಧಾನ ಆಗಲೂ ಇರಲಿಲ್ಲ. ಪಿಸಿ ಆಟಗಳ ಎರಡೂವರೆ ದಶಕಗಳನ್ನು, ಅದರಲ್ಲೂ 2016ರಿಂದ ಈಚಿನ ಕಾರ್ಡುಗಳ ಕಥೆಯನ್ನು ನೆನಪು ಮಾಡಿಕೊಂಡಾಗಲೆಲ್ಲ ನನಗೆ ಈ ತರ್ಕದ ಬಗ್ಗೆ ಅನುಮಾನ ಬಲವಾಗುತ್ತದೆ. ಹೊಸ ಕಾರ್ಡು ಹಳೆಯ ಯಂತ್ರಕ್ಕೆ ಒಂದು ಪರೀಕ್ಷೆ. ಯಾರೂ ಕೇಳದಿದ್ದ ಪ್ರಶ್ನೆಯನ್ನು ಅದು ಎಸ್‌ಎಂಪಿಎಸ್‌ಗೆ, ಕೇಬಲ್ಲಿಗೆ, ಮದರ್‌ಬೋರ್ಡಿಗೆ, ಡ್ರೈವರಿಗೆ ಕೇಳುತ್ತದೆ. ಉತ್ತರ ಬಾರದಾಗ ಪರದೆ ಕಪ್ಪಾಗುತ್ತದೆ. ಆದ್ದರಿಂದ ವಿಚಾರಣೆ ಶುರುವಾಗಬೇಕಾದ್ದು ಇವುಗಳ ನಡುವಿನ ಸಂಬಂಧದಿಂದ.

ಅವಸರದ ತೀರ್ಪಿಗೆ ಒಂದು ಕಾರಣ, ಇಂದಿನ ರೋಗಲಕ್ಷಣವೇ ಮೂಕವಾಗಿರುವುದು. ಹಿಂದೆ ಹೀಗಿರಲಿಲ್ಲ. ದಪ್ಪ ಬೆನ್ನಿನ ಸಿಆರ್‌ಟಿ ಮಾನಿಟರುಗಳ ಕಾಲದಲ್ಲಿ ವಿಜಿಎ ಕನೆಕ್ಟರಿನ ಹದಿನೈದು ಪಿನ್ನುಗಳಲ್ಲಿ ನೀಲಿ ಬಣ್ಣದ್ದೊಂದು ಬಾಗಿದರೆ ಪರದೆಯೆಲ್ಲ ಹಳದಿ, ಹಸಿರಿನದು ಬಾಗಿದರೆ ಕೆನ್ನೇರಳೆ. ಬಣ್ಣ ನೋಡಿಯೇ ಯಾವ ತಂತಿ ಎಂದು ಹೇಳಬಹುದಿತ್ತು. ಕೇಬಲ್ ಕಳಪೆಯಾದರೆ ಅಕ್ಷರಗಳ ಪಕ್ಕ ನೆರಳು ಬೀಳುತ್ತಿತ್ತು. ಮಾನಿಟರಿಗೆ ತಾಳಲಾಗದ ರಿಫ್ರೆಶ್ ರೇಟ್ ಕೊಟ್ಟರೆ ಅದು ‘ಔಟ್ ಆಫ್ ರೇಂಜ್’ ಎಂದು ಪ್ರತಿಭಟಿಸುತ್ತಿತ್ತು. ಅನಲಾಗ್ ಸಿಗ್ನಲ್ ಮುದುಕರ ಹಾಗೆ, ಕ್ರಮೇಣ ಕುಗ್ಗುತ್ತಿತ್ತು, ಕುಗ್ಗುತ್ತಾ ಎಲ್ಲಿ ನೋವು ಎಂದು ಹೇಳುತ್ತಿತ್ತು. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್‌ಗಳ ಡಿಜಿಟಲ್ ಸಿಗ್ನಲ್ಲಿನಲ್ಲಿ ದೋಷ ಒಂದು ಮಿತಿಯವರೆಗೆ ಕಣ್ಣಿಗೆ ಬೀಳುವುದೇ ಇಲ್ಲ. ಮಿತಿ ಮೀರಿದೊಡನೆ, ಅಲ್ಲೊಂದು ಇಲ್ಲೊಂದು ಮಿನುಗುವ ಚುಕ್ಕೆ ಬಿಟ್ಟರೆ, ಮುನ್ಸೂಚನೆಯಿಲ್ಲದೆ ಚಿತ್ರವೇ ಮಾಯ. ಕರೆಂಟು ಸಾಲದೆ ಕಾರ್ಡು ಸೋತರೂ, ಡ್ರೈವರು ಮುಗ್ಗರಿಸಿದರೂ, ಕೇಬಲ್ಲು ಕೈಕೊಟ್ಟರೂ, ಕಾರ್ಡೇ ಕೆಟ್ಟಿದ್ದರೂ ಕಾಣುವುದು ಅದೇ ಕಪ್ಪು. ಲಕ್ಷಣ ಒಂದೇ ಆದಾಗ ಮನಸ್ಸು ಕಾರಣವನ್ನೂ ಒಂದೇ ಮಾಡಿಕೊಳ್ಳುತ್ತದೆ.

ಪರದೆ ಸಾಕ್ಷಿ ಹೇಳದಿದ್ದರೆ ಬೇರೆ ಸಾಕ್ಷಿಗಳನ್ನು ಕರೆಯಬೇಕು, ಮತ್ತು ಅವು ಕ್ಯಾಬಿನೆಟ್ಟಿನಲ್ಲೇ ಇವೆ. ಮೊದಲನೆಯದು ಶಬ್ದ. ಪರದೆ ಹೋದ ಮೇಲೂ ಸಂಗೀತ ಸಲೀಸಾಗಿ ನಡೆಯುತ್ತಿದ್ದು, ಕೀಬೋರ್ಡಿನ ಕ್ಯಾಪ್ಸ್ ಲಾಕ್ ದೀಪ ಒತ್ತಿದಂತೆ ಹತ್ತಿ ಆರುತ್ತಿದ್ದರೆ ವಿಂಡೋಸ್ ಬದುಕಿದೆ. ಸತ್ತಿರುವುದು ಚಿತ್ರದ ದಾರಿ ಮಾತ್ರ. ಶಬ್ದ ಒಂದೇ ತುಣುಕಿಗೆ ಸಿಕ್ಕಿಕೊಂಡು ಝೇಂಕರಿಸುತ್ತಿದ್ದು, ದೀಪವೂ ಅಲುಗಾಡದಿದ್ದರೆ ಇಡೀ ಸಿಸ್ಟಮ್ ಹೆಪ್ಪುಗಟ್ಟಿದೆ. ಆಗ ರ‍್ಯಾಮನ್ನೂ ಶಂಕಿತರ ಸಾಲಿನಲ್ಲಿ ನಿಲ್ಲಿಸಬೇಕು. ಯಂತ್ರ ಫಕ್ಕನೆ ಆರಿದರೆ, ಅಥವಾ ತಾನಾಗಿ ಮರುಪ್ರಾರಂಭವಾದರೆ ವಿದ್ಯುತ್ತಿನ ಕಡೆ ಬೆರಳು. ಎರಡನೆಯ ಸಾಕ್ಷಿ ವಿಂಡೋಸಿನ ದಿನಚರಿ, ಅಂದರೆ ಈವೆಂಟ್ ವ್ಯೂವರ್. 2007ರಲ್ಲಿ ಬಂದ ವಿಸ್ಟಾದಿಂದ ಈಚೆಗೆ ವಿಂಡೋಸಿಗೆ ಒಂದು ಅಭ್ಯಾಸವಿದೆ: ಕೊಟ್ಟ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್ಪು ಎರಡು ಸೆಕೆಂಡಿನವರೆಗೂ ಓಗೊಡದಿದ್ದರೆ ಅದನ್ನು ತಟ್ಟಿ ಎಬ್ಬಿಸಿ ಡ್ರೈವರನ್ನು ಹೊಸದಾಗಿ ಶುರುಮಾಡುತ್ತದೆ, 4101 ಎಂಬ ಸಂಖ್ಯೆಯಲ್ಲಿ ದಾಖಲಿಸಿಡುತ್ತದೆ. ಆ ದಾಖಲೆ ಸಿಕ್ಕರೆ ಚಿಪ್ಪು ಓಗೊಡಲಿಲ್ಲ ಎಂಬುದಷ್ಟು ಖಚಿತ. ಯಾಕೆ ಎಂಬುದು ಅಲ್ಲಿಂದಲೂ ತಿಳಿಯದು. 41ನೇ ಸಂಖ್ಯೆಯ ಕರ್ನಲ್-ಪವರ್ ದಾಖಲೆಯನ್ನು ಕಂಡೊಡನೆ ಎಸ್‌ಎಂಪಿಎಸ್ ಹೋಯಿತು ಎಂದು ಷರಾ ಬರೆಯುವವರಿದ್ದಾರೆ. ಕಪ್ಪು ಪರದೆಯಿಂದ ಬೇಸತ್ತು ಪವರ್ ಬಟನ್ ಒತ್ತಿಹಿಡಿದು ನೀವೇ ಆರಿಸಿದರೂ ಅದೇ 41 ದಾಖಲಾಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಆರಿಸುವ ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳ ಜತೆ ‘ಬಿ’ ಒತ್ತಿ ನೋಡುವುದು ವಾಸಿ. ಡ್ರೈವರನ್ನು ಮರುಪ್ರಾರಂಭಿಸುವ ಆ ಜೋಡಣೆಗೆ ಚಿತ್ರ ಮರಳಿದರೆ ತನಿಖೆಯ ದಿಕ್ಕೇ ಬದಲಾಗುತ್ತದೆ.

ಈಗ ವಿದ್ಯುತ್ತಿಗೆ ಬರೋಣ. ಬದಲಾವಣೆ ಅತಿ ಹೆಚ್ಚು ಆಗಿರುವುದು ಇಲ್ಲಿ, ನಮ್ಮ ಅಂದಾಜುಗಳು ಅತಿ ಹಳೆಯವಾಗಿರುವುದೂ ಇಲ್ಲೇ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಕೊಡಬಹುದಾದ್ದು 75 ವಾಟ್. 2014ರ ಜಿಟಿಎಕ್ಸ್ 750 ಟಿಐ 60 ವಾಟ್‌ನಲ್ಲಿ ಕೆಲಸ ಮುಗಿಸುತ್ತಿತ್ತು. ಅದಕ್ಕೆ ಪ್ರತ್ಯೇಕ ವಿದ್ಯುತ್ ಕೇಬಲ್ಲೇ ಬೇಕಿರಲಿಲ್ಲ. ನಮ್ಮಲ್ಲಿ ಆಫೀಸು ಕೆಲಸದ ಕಂಪ್ಯೂಟರನ್ನು ಆಟದ ಕಂಪ್ಯೂಟರಾಗಿ ಮಾರ್ಪಡಿಸಿಕೊಂಡ ಒಂದು ತಲೆಮಾರು ಅಂಥ ಕಾರ್ಡುಗಳ ಮೇಲೆ ಬೆಳೆಯಿತು. ಕ್ಯಾಬಿನೆಟ್ಟಿನ ಜತೆಗೇ ಬಂದ ಎಸ್‌ಎಂಪಿಎಸ್ ಸಾಕು ಎಂಬ ನಂಬಿಕೆ ಬೇರೂರಿದ್ದೂ ಆಗಲೇ. 2016ರ ಜಿಟಿಎಕ್ಸ್ 1080 ಕೇಳಿದ್ದು 180 ವಾಟ್. 2020ರ ಆರ್‌ಟಿಎಕ್ಸ್ 3080ಕ್ಕೆ 320, 2022ರ 4090ಕ್ಕೆ 450, 2025ರ 5090ಕ್ಕೆ 575. ಇದಿಷ್ಟೂ 12 ವೋಲ್ಟಿನಲ್ಲಿ ಬರಬೇಕು. 300 ವಾಟ್ ಎಂದರೆ 25 ಆಂಪಿಯರ್. ನಮ್ಮ ಮನೆಯ ಗೀಸರಿನ ಪ್ಲಗ್ಗು ಕೂಡ 16 ಆಂಪಿಯರಿನದು. ವೋಲ್ಟೇಜು ಬೇರೆಯಾದ್ದರಿಂದ ಶಕ್ತಿಯ ಲೆಕ್ಕದಲ್ಲಿ ಈ ಹೋಲಿಕೆ ಸಲ್ಲದು, ಆದರೆ ಸಂಪರ್ಕದ ಲೆಕ್ಕದಲ್ಲಿ ಸಲ್ಲುತ್ತದೆ. ಪಿನ್ನು ಬಿಸಿಯಾಗುವುದು ಅದರ ಮೂಲಕ ಹರಿಯುವ ಆಂಪಿಯರಿನಿಂದ, ಅದೂ ವರ್ಗದ ಪ್ರಮಾಣದಲ್ಲಿ: ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಹಳೆಯ ಎಂಟು ಪಿನ್ನಿನ ಕನೆಕ್ಟರಿಗೆ 150 ವಾಟ್‌ನ ಮಿತಿ; ಅದರ ಮೂರು 12 ವೋಲ್ಟ್ ಪಿನ್ನುಗಳಲ್ಲಿ ತಲಾ ನಾಲ್ಕು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಹರಿಯುತ್ತದೆ. ಎಸ್‌ಎಂಪಿಎಸ್‌ನ ಒಂದೇ ಕೇಬಲ್ಲಿಗೆ ಬಾಲದಂತೆ ಜೋತುಬಿದ್ದ ಎರಡನೆಯ ಕನೆಕ್ಟರನ್ನೂ ಕಾರ್ಡಿಗೆ ಸಿಕ್ಕಿಸಿ ‘ಎರಡೂ ತುಂಬಿತು’ ಎಂದುಕೊಂಡರೆ, ತುದಿ ಎರಡಾದರೂ ಬುಡ ಒಂದೇ. ಎರಡರ ಹೊರೆಯೂ ಆ ಬುಡದ ಮೇಲೆ ಬೀಳುತ್ತದೆ. ಹೆಚ್ಚು ವಾಟ್ ಕೇಳುವ ಕಾರ್ಡಿಗೆ ಎರಡು ಬೇರೆ ಬೇರೆ ಕೇಬಲ್ ಎಳೆಯುವುದು ಖರ್ಚಿಲ್ಲದ ಚಿಕಿತ್ಸೆ, ಮತ್ತು ನನ್ನ ಪ್ರಕಾರ ಮೊದಲು ಮಾಡಬೇಕಾದ್ದೂ ಅದೇ.

ಇಲ್ಲಿ ಲೆಕ್ಕ ಬಲ್ಲವರು ತಡೆಯುತ್ತಾರೆ. ಕಾರ್ಡಿಗೆ 320, ಪ್ರೊಸೆಸರಿಗೆ 120, ಉಳಿದದ್ದಕ್ಕೆ 60, ಒಟ್ಟು 500. ಎಸ್‌ಎಂಪಿಎಸ್ 650ರದು. ಇನ್ನೂ 150 ವಾಟ್ ಮಿಗುತ್ತದಲ್ಲ, ವಿದ್ಯುತ್ತಿನ ಕೊರತೆ ಎಲ್ಲಿ? ಕೂಡಿಕೆಯಲ್ಲಿ ತಪ್ಪಿಲ್ಲ, ಕೂಡುತ್ತಿರುವುದು ಸರಾಸರಿಗಳನ್ನು ಎಂಬುದೇ ತೊಡಕು. ಹಳ್ಳಿಯಲ್ಲಿ ಪಂಪ್‌ಸೆಟ್ ಚಾಲೂ ಆದ ಕ್ಷಣ ಮನೆಯ ಬಲ್ಬು ಒಮ್ಮೆ ಮಂಕಾಗುವುದನ್ನು ನೋಡದವರಿಲ್ಲ. ಆಮೇಲೆ ಮೋಟಾರು ದಿನವಿಡೀ ಓಡಿದರೂ ಬಲ್ಬಿಗೆ ಏನೂ ಆಗದು. ಆಧುನಿಕ ಗ್ರಾಫಿಕ್ಸ್ ಚಿಪ್ಪು ಸೆಕೆಂಡಿಗೆ ನೂರಾರು ಬಾರಿ ತನ್ನ ವೇಗವನ್ನು ಏರಿಸಿ ಇಳಿಸುತ್ತದೆ; ಗೋಡೆ ನೋಡುತ್ತಿದ್ದವನು ತಿರುಗಿ ಸ್ಫೋಟವನ್ನು ನೋಡಿದ ಕ್ಷಣದಲ್ಲಿ ಅದರ ಬೇಡಿಕೆ ಮಿಲಿಸೆಕೆಂಡಿಗಿಂತ ಕಡಿಮೆ ಕಾಲದ ಮಟ್ಟಿಗೆ ಘೋಷಿತ ವಾಟ್‌ಗಿಂತ ಬಹಳ ಮೇಲೆ ಹಾರಬಲ್ಲದು. ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ಅದನ್ನು ಶಾರ್ಟ್ ಸರ್ಕಿಟ್ ಎಂದು ತಿಳಿದರೆ ಇಡೀ ಯಂತ್ರ ಆರುತ್ತದೆ. ವೋಲ್ಟೇಜು ಕ್ಷಣಮಾತ್ರ ಕುಸಿದರೆ ಚಿಪ್ಪು ಮಾತ್ರ ದಾರಿ ತಪ್ಪಿ ಪರದೆ ಹೋಗುತ್ತದೆ. ಇದು ಯಾರೋ ಹಬ್ಬಿಸಿದ ಊಹೆಯಾಗಿದ್ದರೆ ಉದ್ಯಮ ತನ್ನ ನಿಯಮವನ್ನೇ ಬದಲಿಸುತ್ತಿರಲಿಲ್ಲ. ಇಂಟೆಲ್ 2022ರಲ್ಲಿ ಹೊರಡಿಸಿದ ಎಟಿಎಕ್ಸ್ 3.0 ಮಾರ್ಗಸೂಚಿಯ ಪ್ರಕಾರ, ಹೊಸ ಹದಿನಾರು ಪಿನ್ನಿನ ಕನೆಕ್ಟರುಳ್ಳ, 450 ವಾಟ್‌ಗಿಂತ ದೊಡ್ಡದಾದ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡ್ ಕಾಲ ತಾಳಿಕೊಳ್ಳಬೇಕು. 2017ರಲ್ಲಿ ಕೊಂಡ 650 ವಾಟ್‌ನ ಡಬ್ಬಿಗೆ ಇಂಥ ಪ್ರಶ್ನೆ ಬರುತ್ತದೆಂದು ಅದನ್ನು ಮಾಡಿದವರಿಗೂ ಗೊತ್ತಿರಲಿಲ್ಲ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಆಕ್ಷೇಪ: ಫರ್‌ಮಾರ್ಕ್ ಅರ್ಧ ಗಂಟೆ ಓಡಿಸಿದೆ, ಏನೂ ಆಗಲಿಲ್ಲ, ಹಾಗಾದರೆ ಹಾರ್ಡ್‌ವೇರ್ ಸರಿಯಿದೆ, ಆಟದ್ದೇ ತಪ್ಪು. ಫರ್‌ಮಾರ್ಕ್ ಎಡೆಬಿಡದೆ ಒಂದೇ ಸಮನೆ ಕಾರ್ಡನ್ನು ದುಡಿಸುತ್ತದೆ. ಅದು ಬಿಸಿಯನ್ನು, ನಿರಂತರ ಹೊರೆಯನ್ನು ಪರೀಕ್ಷಿಸುವ ಉಪಾಯ. ಪಂಪ್‌ಸೆಟ್ ಓಡುತ್ತಿರುವಾಗ ಬಲ್ಬನ್ನು ನೋಡಿ ಎಲ್ಲ ಸರಿ ಎಂದಂತೆ ಅದು. ಅಲ್ಲದೆ ಆ ಹೊರೆಗೆ ಕಾರ್ಡು ತನ್ನ ವಾಟ್ ಮಿತಿಗೆ ತಲೆಯೊತ್ತಿ ವೇಗವನ್ನು ಇಳಿಸಿಕೊಂಡಿರುತ್ತದೆ. ಹಗುರ ದೃಶ್ಯದಲ್ಲಿ ಚಿಪ್ಪು ಮುಟ್ಟುವ ಅತಿ ಎತ್ತರದ ವೇಗವನ್ನು ಫರ್‌ಮಾರ್ಕ್ ಎಂದೂ ಮುಟ್ಟುವುದಿಲ್ಲ. ಆಟದಲ್ಲಿ ಸೋತು ಪರೀಕ್ಷೆಯಲ್ಲಿ ಗೆದ್ದರೆ ಅದು ವಿರೋಧಾಭಾಸವಲ್ಲ, ಒಂದು ಸುಳಿವು.

ನಮ್ಮ ಮನೆಗಳ ಬಗ್ಗೆಯೂ ಒಂದು ಮಾತು. ಕರೆಂಟು ಹೋಗಿ ಬರುವ ಊರುಗಳಲ್ಲಿ ಕಂಪ್ಯೂಟರಿನ ಕೆಳಗೆ 600 ವಿಎ ಯುಪಿಎಸ್ ಇರುವುದು ವಾಡಿಕೆ. ಡಬ್ಬಿಯ ಮೇಲೆ 600 ಎಂದಿದ್ದರೂ ಅಂಥವು ಸಾಮಾನ್ಯವಾಗಿ ಹೊರಬಲ್ಲದ್ದು 360 ವಾಟ್. ಹೊಸ ಕಾರ್ಡಿನ ಆಟಕ್ಕೆ ಅದು ಕಿರುಚಿಕೊಂಡು ಆರಿದರೆ ಅದು ಕಾರ್ಡಿನ ದೋಷವಲ್ಲ. ಪರೀಕ್ಷೆಯ ದಿನಗಳಲ್ಲಿ ಯುಪಿಎಸ್ಸನ್ನು ಬದಿಗಿಟ್ಟು, ಅರ್ಥಿಂಗ್ ಇರುವ ಗೋಡೆಯ ಪ್ಲಗ್ಗಿಗೇ ಹಾಕಿ ನೋಡುವುದರಿಂದ ಒಬ್ಬ ಶಂಕಿತ ಕಡಿಮೆಯಾಗುತ್ತಾನೆ.

ಕೇಬಲ್ಲಿನ ವಿಷಯ ಕೇಳಿದರೆ ಜನ ನಗುತ್ತಾರೆ. ಡೆಸ್ಕ್‌ಟಾಪಿನಲ್ಲಿ ಚಿತ್ರ ಸರಿಯಾಗಿ ಬರುತ್ತಿರುವಾಗ, ಆಟದಲ್ಲಿ ಮಾತ್ರ ಕೇಬಲ್ ಹೇಗೆ ಕೆಡುತ್ತದೆ? ಪೂರ್ತಿ ಪರದೆಗೆ ಬರುವ ಆಟ ಕೆಲವೊಮ್ಮೆ ರೆಸಲ್ಯೂಶನ್ನನ್ನೋ ರಿಫ್ರೆಶ್ ರೇಟನ್ನೋ ತಾನೇ ಬದಲಿಸುತ್ತದೆ ಎಂಬುದು ಉತ್ತರ. ಎಚ್‌ಡಿಎಂಐ 2.0ರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್, ಡಿಸ್‌ಪ್ಲೇಪೋರ್ಟ್ 1.4ರದು 32.4, ಎಚ್‌ಡಿಎಂಐ 2.1ರದು 48. ಹಳೆಯ ಮಾನಿಟರಿನ ಜತೆ ಬಂದ ಕೇಬಲ್ 60 ಹರ್ಟ್ಸಿನಲ್ಲಿ ನಿಷ್ಠೆಯಿಂದ ದುಡಿದು 144ರಲ್ಲಿ ಏದುಸಿರು ಬಿಡುವುದು ಆಶ್ಚರ್ಯವೇನಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲಿ ಇನ್ನೊಂದು ವಿಚಿತ್ರವಿದೆ. ಅದರ 20ನೇ ಪಿನ್ನಿನಲ್ಲಿ 3.3 ವೋಲ್ಟ್ ವಿದ್ಯುತ್ ಇರುತ್ತದೆ; ಸಾಮಾನ್ಯ ಕೇಬಲ್ಲಿನಲ್ಲಿ ಆ ಪಿನ್ನಿಗೆ ತಂತಿ ಹಾಕಕೂಡದೆಂದು ನಿಯಮ. ನಿಯಮ ಮುರಿದ ಅಗ್ಗದ ಕೇಬಲ್ಲುಗಳಲ್ಲಿ ಮಾನಿಟರಿನ ವಿದ್ಯುತ್ತು ಹಿಂದುಮುಂದಾಗಿ ಕಾರ್ಡಿನೊಳಗೆ ನುಗ್ಗಿ ವಿಲಕ್ಷಣ ತೊಂದರೆಗಳನ್ನು ಹುಟ್ಟಿಸುತ್ತದೆ. ಕಾರ್ಡನ್ನು ನಿಲ್ಲಿಸಿ ತೋರಿಸುವ ಶೋಕಿಗಾಗಿ ಹಾಕುವ ರೈಸರ್ ಕೇಬಲ್ಲಿನದೂ ಅದೇ ಜಾತಿಯ ಕಥೆ: ಪಿಸಿಐ ಎಕ್ಸ್‌ಪ್ರೆಸ್ 3.0ಗೆಂದು ಮಾಡಿದ್ದರ ಮೇಲೆ 4.0 ಕಾರ್ಡು ಎರಡು ಪಟ್ಟು ವೇಗದಲ್ಲಿ ಮಾತಾಡಲು ಹೊರಟರೆ ಮಾತು ತೊದಲುತ್ತದೆ. ಬಯಾಸಿನಲ್ಲಿ ಸ್ಲಾಟನ್ನು ‘ಜೆನ್ 3’ಕ್ಕೆ ಇಳಿಸಿದರೆ ತೊದಲು ನಿಲ್ಲಬಹುದು.

ನನ್ನ ವಾದಕ್ಕೆ ನಿಜವಾಗಿಯೂ ಭಾರವಿರುವ ಆಕ್ಷೇಪ ಇನ್ನೂ ಬಾಕಿಯಿದೆ. ಹೊಸ ಕಾರ್ಡುಗಳೇ ತಪ್ಪಿತಸ್ಥರಾಗಿದ್ದ ಉದಾಹರಣೆಗಳು ಇಲ್ಲವೇ? ಇವೆ, ಧಾರಾಳವಾಗಿ. 2016ರ ಜೂನ್ ಕೊನೆಗೆ ಬಂದ ಎಎಂಡಿಯ ಆರ್‌ಎಕ್ಸ್ 480, ಸ್ಲಾಟಿನಿಂದ ಮಿತಿಗಿಂತ ಹೆಚ್ಚು ವಿದ್ಯುತ್ ಎಳೆಯುತ್ತಿದೆ ಎಂದು ವಿಮರ್ಶಕರು ಅಳೆದು ತೋರಿಸಿದರು. 2019ರ ಜುಲೈಯ ಆರ್‌ಎಕ್ಸ್ 5700 ಎಕ್ಸ್‌ಟಿಯ ಕಪ್ಪು ಪರದೆ ಬಳಕೆದಾರರನ್ನು ತಿಂಗಳುಗಟ್ಟಲೆ ಕಾಡಿತು. 2020ರ ಸೆಪ್ಟೆಂಬರಿನಲ್ಲಿ ಆರ್‌ಟಿಎಕ್ಸ್ 3080 ಅತಿ ವೇಗಕ್ಕೇರಿದಾಗ ಆಟಗಳು ಕುಸಿದುಬಿದ್ದವು. ಚಿಪ್ಪಿನ ಬೆನ್ನ ಹಿಂದಿನ ಕೆಪಾಸಿಟರುಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. 2025ರ ಜನವರಿಯ ಕೊನೆಗೆ ಆರ್‌ಟಿಎಕ್ಸ್ 50 ಸರಣಿ ಬಂದಾಗಲೂ ಕಪ್ಪು ಪರದೆಯ ದೂರುಗಳನ್ನು ಎನ್ವಿಡಿಯಾ ಒಪ್ಪಿಕೊಳ್ಳಬೇಕಾಯಿತು. ಇವನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಕಿಲ್ಲ. ಆದರೆ ಇವು ಹೇಗೆ ಮುಗಿದವು ಎಂಬುದನ್ನೂ ನೋಡಬೇಕು. ಆರ್‌ಎಕ್ಸ್ 480ಕ್ಕೆ ಕೆಲವೇ ದಿನಗಳಲ್ಲಿ ಬಂದ 16.7.1 ಡ್ರೈವರ್ ವಿದ್ಯುತ್ತಿನ ಹಂಚಿಕೆಯನ್ನು ತಿದ್ದಿತು. 5700 ಎಕ್ಸ್‌ಟಿಯ ಹಲವು ಕಪ್ಪು ಪರದೆಗಳಿಗೆ 2020ರ ಫೆಬ್ರವರಿಯ 20.2.2 ಡ್ರೈವರ್ ಔಷಧವಾಯಿತು. 3080ಕ್ಕೆ ಮಾರಾಟ ಶುರುವಾದ ಹನ್ನೊಂದು ದಿನಕ್ಕೆ 456.55 ಬಂತು, ಕಾರ್ಡನ್ನು ಮುಟ್ಟದೆಯೇ ಸ್ಥಿರತೆ ಸುಧಾರಿಸಿತು. 50 ಸರಣಿಗೂ ಒಂದರ ಹಿಂದೊಂದು ಡ್ರೈವರುಗಳು ಬಂದವು. ಕಂಪನಿಯ ಹೊಣೆ ಇದರಿಂದ ತಪ್ಪುವುದಿಲ್ಲ. ಹಣ ಕೊಟ್ಟವನು ಪರೀಕ್ಷಾ ಪ್ರಾಣಿಯಾದ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೂ ಮನೆಯಲ್ಲಿ ಕುಳಿತು ಕಾರಣ ಹುಡುಕುವವನಿಗೆ ಇವು ಹೇಳುವುದು, ಕಾರ್ಡನ್ನು ಬದಲಿಸಿಕೊಂಡು ಬಂದಿದ್ದರೂ ಅದೇ ಡ್ರೈವರಿನ ಕೆಳಗೆ ಇನ್ನೊಂದು ಕಾರ್ಡೂ ಅದೇ ಕಪ್ಪನ್ನು ತೋರಿಸುತ್ತಿತ್ತು ಎಂದು.

ಒಂದು ಪ್ರಕರಣವನ್ನು ಮಾತ್ರ ನಾನು ಬೇರೆಯಾಗಿ ಇಡುತ್ತೇನೆ. 4090ರ ಹದಿನಾರು ಪಿನ್ನಿನ ಕನೆಕ್ಟರುಗಳು ಕರಗಿದಾಗ, ಕನೆಕ್ಟರನ್ನು ಪೂರ್ತಿ ಒತ್ತಿ ಕೂರಿಸದಿರುವುದು ಸಾಮಾನ್ಯ ಕಾರಣವಾಗಿ ಕಂಡಿದೆ ಎಂದು ಎನ್ವಿಡಿಯಾ 2022ರ ನವೆಂಬರಿನಲ್ಲಿ ಹೇಳಿತು. ಅದು ಅರ್ಧ ಸತ್ಯ. ಆ ಕನೆಕ್ಟರಿನ ಮಿತಿಯಾದ 600 ವಾಟ್ ಎಂದರೆ 50 ಆಂಪಿಯರ್. ಅದರ ಆರು 12 ವೋಲ್ಟ್ ಪಿನ್ನುಗಳಿಗೆ ಹಂಚಿದರೆ ತಲಾ 8.3. ಪಿನ್ನಿನ ಮಿತಿ 9.5. ಇಷ್ಟು ಕಡಿಮೆ ಅಂತರ ಇಟ್ಟುಕೊಂಡು, ಕೂತಿತೋ ಇಲ್ಲವೋ ಬೆರಳಿಗೆ ಸರಿಯಾಗಿ ತಿಳಿಯದ ವಿನ್ಯಾಸ ಮಾಡಿ, ಆಮೇಲೆ ಬೆರಳನ್ನು ದೂರಿದರೆ ಹೇಗೆ? 2023ರಲ್ಲಿ ಬಂದ ತಿದ್ದುಪಡಿಯಲ್ಲಿ ಸಂವೇದಕ ಪಿನ್ನುಗಳನ್ನು ಗಿಡ್ಡ ಮಾಡಿ, ಕನೆಕ್ಟರು ಪೂರ್ತಿ ಕೂರದಿದ್ದರೆ ಕಾರ್ಡು ವಿದ್ಯುತ್ತನ್ನೇ ಎಳೆಯದಂತೆ ಮಾಡಿದರು. ವಿನ್ಯಾಸದಲ್ಲಿ ಕೊರತೆಯಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ತಪ್ಪೊಪ್ಪಿಗೆ ಬೇಕಿಲ್ಲ. ಇಲ್ಲಿಯೂ ಸೋತದ್ದು ಚಿಪ್ಪಲ್ಲ, ಕಾರ್ಡು, ಕೇಬಲ್ಲುಗಳ ನಡುವಿನ ಕೂಡುವಿಕೆ.

ಇಷ್ಟೆಲ್ಲ ಹೇಳುವುದು ಸುಲಭ, ಮನೆಯಲ್ಲಿ ಇನ್ನೊಂದು ಎಸ್‌ಎಂಪಿಎಸ್, ಇನ್ನೊಂದು ಮದರ್‌ಬೋರ್ಡು ಯಾರ ಬಳಿ ಇರುತ್ತದೆ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು. ಬಿಡಿಭಾಗವಿಲ್ಲದೆಯೂ ಪ್ರಶ್ನೆ ಕೇಳಬಹುದು. ಕಾರ್ಡಿನ ಪವರ್ ಲಿಮಿಟನ್ನು ತಂತ್ರಾಂಶದಲ್ಲಿ 70 ಪ್ರತಿಶತಕ್ಕೆ ಇಳಿಸಿ ಆಡಿ ನೋಡಿ; ಫ್ರೇಮುಗಳನ್ನು 60ಕ್ಕೆ ಕಟ್ಟಿಹಾಕಿ; ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ತೆಗೆಯಿರಿ; ಡಿಡಿಯು ಎಂಬ ಉಚಿತ ಸಾಧನದಿಂದ ಹಳೆಯ ಡ್ರೈವರಿನ ಬೇರುಗಳನ್ನು ಕಿತ್ತು ಹೊಸದಾಗಿ ಹಾಕಿ. ಆದರೆ ಒಂದು ಸಲಕ್ಕೆ ಒಂದೇ. ಒಂದೇ ರಾತ್ರಿಯಲ್ಲಿ ವಿಂಡೋಸ್ ಮತ್ತೆ ಹಾಕಿ, ಕೇಬಲ್ ಬದಲಿಸಿ, ಕಾರ್ಡನ್ನು ಕಿತ್ತು ಹಳೆಯ ಪದ್ಧತಿಯಂತೆ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದವನಿಗೆ ಬೆಳಗ್ಗೆ ಎಲ್ಲ ಸರಿಯಾಗಿರಬಹುದು. ಏನು ಸರಿಯಾಯಿತು ಎಂಬುದು ಗೊತ್ತಿಲ್ಲವಾದ್ದರಿಂದ ಮುಂದಿನ ಸಲ ಮತ್ತೆ ಇಡೀ ಪೂಜೆಯನ್ನೇ ಮಾಡಬೇಕು. ಉತ್ತರ ಬಂದಾಗಲೂ ಅದಕ್ಕೆ ಇರುವಷ್ಟೇ ಬೆಲೆ ಕೊಡಬೇಕು. ಪವರ್ ಲಿಮಿಟ್ ಇಳಿಸಿದಾಗ ತೊಂದರೆ ನಿಂತರೆ ಎಸ್‌ಎಂಪಿಎಸ್ ಸೋತಿದೆ ಎನ್ನುವಂತಿಲ್ಲ. ಲಿಮಿಟ್ ಇಳಿದಾಗ ಚಿಪ್ಪಿನ ವೇಗವೂ ಇಳಿಯುತ್ತದೆ, ಮೇಲಿನ ವೇಗವನ್ನು ತಾಳಲಾಗದ ಕಾರ್ಡೂ ಆಗ ಸುಮ್ಮನಾಗುತ್ತದೆ. ಇಬ್ಬರನ್ನೂ ಬೇರ್ಪಡಿಸಬಲ್ಲದ್ದು ಒಂದೇ ಪರೀಕ್ಷೆ: ಅದೇ ಕಾರ್ಡನ್ನು ಗೆಳೆಯರ ಗಟ್ಟಿ ಎಸ್‌ಎಂಪಿಎಸ್ ಇರುವ ಯಂತ್ರದಲ್ಲಿ ಹಾಕಿ, ಅದೇ ಆಟವನ್ನು ಅಷ್ಟೇ ಹೊತ್ತು ಆಡುವುದು. ಅಲ್ಲಿಯೂ ಪರದೆ ಕಪ್ಪಾದರೆ ಕಾರ್ಡಿನ ಪರವಾಗಿ ನಾನಿನ್ನು ಮಾತಾಡುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಅಸೆಂಬಲ್ ಮಾಡಿಸಿದವರು ಅಂಗಡಿಯವರನ್ನೇ ಆ ಪರೀಕ್ಷೆ ಮಾಡಿಕೊಡಿ ಎಂದು ಕೇಳಬಹುದು. ಕೇಳುವಾಗ ‘ಕಾರ್ಡು ಕೆಟ್ಟಿದೆ’ ಎನ್ನುವ ಬದಲು ಯಾವ ಆಟ, ಎಷ್ಟು ನಿಮಿಷ, ಶಬ್ದ ಉಳಿಯಿತೇ, ಫ್ಯಾನು ಏನು ಮಾಡಿತು ಎಂದು ಬರೆದುಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ.

ತನಿಖೆಯ ಹುರುಪಿನಲ್ಲಿ ದಿನಗಳು ಜಾರಿದ್ದು ತಿಳಿಯುವುದಿಲ್ಲ. ಕೊಂಡ ಕಡೆ ಬದಲಾಯಿಸಿಕೊಡುವ ಅವಧಿ ಎಷ್ಟೆಂದು ಬಿಲ್ಲಿನಲ್ಲಿ ಮೊದಲೇ ನೋಡಿ, ಅದು ಮುಗಿಯುವ ಎರಡು ದಿನ ಮುಂಚೆ ಗೆಳೆಯರ ಯಂತ್ರದ ಪರೀಕ್ಷೆಯಾದರೂ ಆಗಿರಲಿ. ಕಾರ್ಡಿನ ಡಬ್ಬಿಯನ್ನು ಅಲ್ಲಿಯವರೆಗೆ ಗುಜರಿಗೆ ಹಾಕಬೇಡಿ. ಕೊನೆಗೆ ಎಸ್‌ಎಂಪಿಎಸ್ಸನ್ನೇ ಬದಲಿಸುವುದು ಎಂದಾದರೆ, ಹಳೆಯ ಮಾಡ್ಯುಲರ್ ಕೇಬಲ್ಲುಗಳು ಹೊಸದಕ್ಕೆ ಅಳತೆಯಲ್ಲಿ ಕೂರುತ್ತವೆಂದು ಅವನ್ನೇ ಸಿಕ್ಕಿಸಬೇಡಿ. ಎಸ್‌ಎಂಪಿಎಸ್‌ನ ಬದಿಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ತಪ್ಪು ಪಿನ್ನಿಗೆ 12 ವೋಲ್ಟ್ ಹೋದರೆ ಅಲ್ಲಿಯವರೆಗೆ ಸರಿಯಿದ್ದ ಹಾರ್ಡ್ ಡಿಸ್ಕೂ ಸುಟ್ಟುಹೋಗುತ್ತದೆ.